ಪರೀಕ್ಷೆ ಮಗಳಿಗೆ, ನಿದ್ದೆಗೆಟ್ಟಿದ್ದು ಮನೆಯೆಲ್ಲ: ಆಪ್ತಸಮಾಲೋಚಕಿಗೆ ನಿಮ್ಮ ಪ್ರಶ್ನೆಗಳು

ಗುಂಪಿನ ಸದಸ್ಯರ ಗಮನಕ್ಕೆ: ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಹತ್ತಿರ ಬಂತು. ಹೈಸ್ಕೂಲು ಮಕ್ಕಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿಯೊಬ್ಬರು ಈ ವಾರ ಉತ್ತರಿಸುತ್ತಾರೆ. ಮಗುವಿನ ಹೆಸರು, ಶಾಲೆಯ ಹೆಸರು ಹಾಕಬೇಡಿ.

ಪ್ರಶ್ನೆ (ತಾಯಿ, ತುಮಕೂರು)

ಮೇಡಂ, ಮಗಳು ಒಂಬತ್ತನೇ ಕ್ಲಾಸಿನವರೆಗೂ ಚೆನ್ನಾಗೇ ಓದ್ತಿದ್ದಳು. ಪ್ರಿಪರೇಟರಿಯಲ್ಲಿ ವಿಜ್ಞಾನಕ್ಕೆ 80ಕ್ಕೆ 41 ಬಂತು, ಅವತ್ತಿಂದ ಮನೆಯಲ್ಲಿ ಸಮಾಧಾನ ಇಲ್ಲ. ರಾತ್ರಿ ಒಂದು ಗಂಟೆವರೆಗೂ ರೂಮಿನ ಲೈಟು ಉರೀತಿರುತ್ತೆ. ಪುಸ್ತಕದ ತುಂಬ ಹಳದಿ, ಗುಲಾಬಿ ಗೆರೆ. ಒಂದೇ ಪಾಠ ಮೂರು ಮೂರು ಸಲ ಓದ್ತಾಳೆ, ಬೆಳಿಗ್ಗೆ ಎದ್ದು "ಏನೂ ನೆನಪಿಲ್ಲಮ್ಮ" ಅಂತ ಅಳ್ತಾಳೆ. "ಟೆನ್ಷನ್ ಮಾಡ್ಕೋಬೇಡ" ಅಂದ್ರೆ ನನ್ನ ಮೇಲೇ ರೇಗ್ತಾಳೆ. ಇನ್ನು ಐದು ವಾರ ಇದೆ. ಪಕ್ಕದಲ್ಲೇ ಕೂತು ಓದಿಸ್ಲಾ, ಅವಳ ಪಾಡಿಗೆ ಬಿಟ್ಟುಬಿಡ್ಲಾ?

ಉತ್ತರ

ಅಮ್ಮ, ಮೊದಲು ಆ 41ರ ವಿಷಯ. ಆ ಉತ್ತರಪತ್ರಿಕೆ ಮನೆಯಲ್ಲಿದೆಯಾ? ಇಲ್ಲದಿದ್ದರೆ ಶಾಲೆಯಲ್ಲಿ ಕೇಳಿ ಒಂದು ಸಂಜೆ ತರಿಸಿಕೊಳ್ಳಿ. ಹೋದ 39 ಅಂಕ ಎಲ್ಲೆಲ್ಲಿ ಹೋದವು ಅಂತ ಅವಳೇ ಗುರುತು ಹಾಕಲಿ: ಪಾಠವೇ ಗೊತ್ತಿರಲಿಲ್ಲ ಅನ್ನುವುದಕ್ಕೆ ಒಂದು ಗುರುತು, ಓದಿದ್ದೆ ಆದರೆ ಹೊಳೆಯಲಿಲ್ಲ ಅನ್ನುವುದಕ್ಕೆ ಇನ್ನೊಂದು, ಗೊತ್ತಿತ್ತು ಆದರೆ ಪ್ರಶ್ನೆ ತಪ್ಪಾಗಿ ಓದಿಕೊಂಡೆ ಇಲ್ಲವೇ ಸಮಯ ಸಾಲಲಿಲ್ಲ ಅನ್ನುವುದಕ್ಕೆ ಮತ್ತೊಂದು. ನನ್ನ ಹತ್ತಿರ ಬರುವ ಚೆನ್ನಾಗಿ ಓದುವ ಮಕ್ಕಳಲ್ಲಿ ಮೊದಲನೆಯ ಗುರುತು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. "ನನಗೆ ವಿಜ್ಞಾನ ಬರಲ್ಲ" ಅಂತ ಅಳುತ್ತಿದ್ದವಳಿಗೆ "ನನಗೆ ವಿದ್ಯುಚ್ಛಕ್ತಿಯ ಲೆಕ್ಕ ಬರಲ್ಲ, ನೆಫ್ರಾನಿನ ಚಿತ್ರದಲ್ಲಿ ಭಾಗ ಗುರುತಿಸೋದು ಮರೀತೀನಿ" ಅಂತ ಹೇಳಲು ಬಂದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಯಾಕೆಂದರೆ ಈ ಎರಡಕ್ಕೂ ನಾಳೆ ಬೆಳಿಗ್ಗೆ ಮಾಡಬಹುದಾದ ಕೆಲಸ ಇದೆ. "ವಿಜ್ಞಾನ ಬರಲ್ಲ" ಅನ್ನುವುದಕ್ಕೆ ಯಾವ ಕೆಲಸವೂ ಇಲ್ಲ.

ಈಗ ಆ ಬಣ್ಣದ ಗೆರೆಗಳು. ತೆರೆದ ಪುಸ್ತಕವನ್ನು ಮೂರನೇ ಸಲ ಓದುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ. ಮಗು ಆ ಪರಿಚಯವನ್ನೇ ಕಲಿಕೆ ಅಂದುಕೊಳ್ಳುತ್ತದೆ. ಪುಸ್ತಕ ಮುಚ್ಚಿದಾಗ ಗಾಬರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪಾಠ ಬದಿಗಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಶೇ 56ರಷ್ಟು ನೆನಪಿಟ್ಟುಕೊಂಡಿದ್ದರು, ಓದಿದವರು ಶೇ 42. ನಿಮ್ಮ ಮಗಳು ರಾತ್ರಿ ಒಂದಕ್ಕೆ "ಬಂತು" ಅಂತ ಮಲಗಿ ಬೆಳಿಗ್ಗೆ "ಹೋಯ್ತು" ಅಂತ ಅಳುವುದಕ್ಕೆ ದಡ್ಡತನ ಕಾರಣ ಅಲ್ಲ, ಓದುವ ಕ್ರಮ ಕಾರಣ.

ಕ್ರಮ ಬದಲಿಸಲು ದೊಡ್ಡ ವೇಳಾಪಟ್ಟಿ ಬೇಡ. ಗೋಡೆಗೆ ಅಂಟಿಸಿದ ವೇಳಾಪಟ್ಟಿ ನಾಲ್ಕನೇ ದಿನಕ್ಕೆ ಮುರಿದು, ಮುರಿದದ್ದಕ್ಕೇ ಮತ್ತೆ ಅಳು ಶುರುವಾಗುತ್ತದೆ. ಒಂದು ಪಾಠ ಒಮ್ಮೆ ಓದಲಿ. ಪುಸ್ತಕ ಮುಚ್ಚಲಿ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಆ ಪಾಠದಿಂದ ಬಂದ ಪ್ರಶ್ನೆಗಳಿಗೆ ರಫ್ ಪುಸ್ತಕದಲ್ಲಿ ಉತ್ತರ ಬರೆಯಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ತುಂಬಲಿ. ಎರಡು ದಿನ ಬಿಟ್ಟು ಬೇರೆ ಶಾಯಿಯದ್ದನ್ನಷ್ಟೇ ಮತ್ತೆ ಬರೆಯಲಿ. ಮೊದಲ ಮೂರ್ನಾಲ್ಕು ದಿನ ಅವಳಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತಿಲ್ಲದ್ದು ಕಣ್ಣಿಗೆ ಹೊಡೆದಂತೆ ಕಾಣುತ್ತದಲ್ಲ. ಹಾಗಾಗಿ ಅವಳಿಗೆ ಚೆನ್ನಾಗಿ ಬರುವ ಪಾಠದಿಂದಲೇ ಶುರು ಮಾಡಿಸಿ.

ಪಕ್ಕದಲ್ಲಿ ಕೂರಬೇಕಾ ಅಂದಿರಿ. ಕಾವಲಿಗೆ ಬೇಡ, ಕೇಳಿಸಿಕೊಳ್ಳಲು ಬೇಕು. ನೀವು ತರಕಾರಿ ಹೆಚ್ಚುವಾಗ ಅಡುಗೆಮನೆ ಕಟ್ಟೆ ಮೇಲೆ ಕೂತು ಹೃದಯದಲ್ಲಿ ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಹೇಳಿಕೊಡಲಿ. ನಿಮಗೆ ವಿಜ್ಞಾನ ಬರದಿದ್ದರೆ ಇನ್ನೂ ಒಳ್ಳೆಯದು, ನಿಜವಾದ ಅನುಮಾನ ಕೇಳುತ್ತೀರಿ. ತಪ್ಪು ಹೇಳಿದಳು ಅನ್ನಿಸಿದರೆ "ಅದು ಹಾಗಾ? ಪುಸ್ತಕದಲ್ಲಿ ನೋಡು" ಅನ್ನಿ, ಅಷ್ಟೇ.

"ಟೆನ್ಷನ್ ಮಾಡ್ಕೋಬೇಡ" ಅನ್ನುವುದನ್ನು ಇವತ್ತೇ ನಿಲ್ಲಿಸಿ. ಆ ಮಾತು ಕೇಳಿದ ಮಗುವಿಗೆ ಓದಿನ ಚಿಂತೆಯ ಜೊತೆ "ಅಮ್ಮನ ಮುಂದೆ ಚಿಂತೆ ತೋರಿಸಬಾರದು" ಅನ್ನುವ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. "ಭಯ ಆಗ್ತಿದೆ ಅಲ್ವಾ? ಯಾವ ಪಾಠ ನೆನೆಸ್ಕೊಂಡ್ರೆ ಜಾಸ್ತಿ ಆಗುತ್ತೆ?" ಅಂತ ಕೇಳಿ ನೋಡಿ.

ರಾತ್ರಿ ಒಂದು ಗಂಟೆಯ ಲೈಟು ಮಾತ್ರ ನಿಮ್ಮ ಕೈಯಲ್ಲಿರುವ ವಿಷಯ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು. ಪರೀಕ್ಷೆ ಕಾಲದಲ್ಲಿ ಅಷ್ಟು ಆಗದು, ಒಪ್ಪಿದೆ. ಆದರೆ ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ಹನ್ನೊಂದರ ಮೇಲೆ ಓದಿದ ಎರಡು ಗಂಟೆಗೆ ಅವಳು ಮಾರನೇ ಬೆಳಗಿನ ಚುರುಕುತನವನ್ನು ಕಳೆದುಕೊಳ್ಳುತ್ತಿದ್ದಾಳೆ. ಸಂಜೆ ಆರರ ಮೇಲೆ ಕಾಫಿ, ಸ್ಟ್ರಾಂಗ್ ಟೀ ಬೇಡ.

ಅದೇ ತಾಯಿ ಮತ್ತೆ

ತುಂಬ ಥ್ಯಾಂಕ್ಸ್ ಮೇಡಂ. ಇನ್ನೊಂದು. ಇವರ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ "ಎಷ್ಟು ತೆಗೀತಾಳಂತೆ? ನಮ್ಮವನಿಗೆ 610 ಬಂದಿತ್ತು" ಅಂತಾರೆ. ಫೋನ್ ಸ್ಪೀಕರಲ್ಲಿ ಇರುತ್ತೆ.

ಉತ್ತರ

ಸ್ಪೀಕರ್ ಆಫ್ ಮಾಡಿ. ಅತ್ತಿಗೆಗೆ "ಚೆನ್ನಾಗಿ ಓದ್ತಿದ್ದಾಳೆ ಅಕ್ಕಾ, ರಿಸಲ್ಟ್ ದಿನ ನಾನೇ ಫೋನ್ ಮಾಡ್ತೀನಿ" ಅಂದುಬಿಡಿ. ಈ ಮಾತನ್ನು ನಿಮ್ಮ ಯಜಮಾನರ ಬಾಯಲ್ಲಿ ಹೇಳಿಸಿದರೆ ಇನ್ನೂ ಕ್ಷೇಮ.

ಪ್ರಶ್ನೆ (ತಂದೆ, ಬಾಗಲಕೋಟೆ ಕಡೆ)

ಮೇಡಂ ನಮಸ್ಕಾರ್ರಿ. ನನ್ನ ಮಗ ಹತ್ತನೇತ್ತ ಅದಾನ್ರಿ. ಗಣಿತ ಅಂದ್ರ ಭಾಳ ಅಂಜ್ತಾನ. ಪ್ರಿಪರೇಟರಿಯೊಳಗ 80ಕ್ಕ 14 ಬಂದಾವ. ಸಾಲ್ಯಾಗ ಮಾಸ್ತರು ಪಾಸಿಂಗ್ ಪ್ಯಾಕೇಜ್ ಅಂತ ಕೊಟ್ಟಾರ, ಅದನ್ನೂ ಮುಟ್ಟವಲ್ಲ. ಬೈದ್ರ ಊಟ ಬಿಡ್ತಾನ. ಮೊನ್ನೆ "ನಾ ಪರೀಕ್ಷಾನ ಬರಿಯಂಗಿಲ್ಲ" ಅಂದಾನ್ರಿ. ನಾ ಏಳನೇತ್ತ ಕಲ್ತಾಂವ, ಅವಂಗ ನಾ ಏನ್ ಹೇಳಿಕೊಡ್ಲಿ?

ಉತ್ತರ

ನಮಸ್ಕಾರ ಸರ್. ಹೇಳಿಕೊಡುವ ಕೆಲಸ ಮಾಸ್ತರದ್ದು, ನಿಮ್ಮ ಕೆಲಸ ಬೇರೆ ಇದೆ.

"ಬರಿಯಂಗಿಲ್ಲ" ಅನ್ನುವ ಹುಡುಗರಲ್ಲಿ ಸೋಮಾರಿಗಳು ಕಡಿಮೆ. ಬರೆದು ಫೇಲಾಗುವುದಕ್ಕಿಂತ ಬರೆಯದೇ ಇರುವುದು ಮರ್ಯಾದೆ ಅಂದುಕೊಂಡಿರುತ್ತಾರೆ. ಹೊಲಕ್ಕೋ ಪೇಟೆಗೋ ಹೋಗುವಾಗ ಗಾಡಿ ಹಿಂದೆ ಕೂರಿಸಿಕೊಂಡು ಹೋಗಿ ಒಂದೇ ಮಾತು ಕೇಳಿ: "ಪರೀಕ್ಷಾದಾಗ ಯಾವುದು ಭಾಳ ಹೆದರಿಕಿ ಆಗ್ತೈತಿ?" ಕೇಳಿದ ಮೇಲೆ ಸುಮ್ಮನಿರಿ. ಎದುರಾಬದುರಾ ಕೂತು ಕೇಳಿದರೆ ಈ ವಯಸ್ಸಿನ ಗಂಡುಮಕ್ಕಳು ಬಾಯಿ ಬಿಡುವುದಿಲ್ಲ. ಉತ್ತರ ಏನೇ ಬಂದರೂ ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ.

ಆಮೇಲೆ ಅವನಿಗೆ ಲೆಕ್ಕ ತೋರಿಸಿ. ಗಣಿತ ಪತ್ರಿಕೆಯ 80 ಅಂಕದಲ್ಲಿ 16 ಅಂಕ ಒಂದೊಂದು ಅಂಕದ ಪ್ರಶ್ನೆಗಳು, ಅದರಲ್ಲಿ ಎಂಟು ಬಹು ಆಯ್ಕೆಯವು. ಎರಡು ಅಂಕದ ಎಂಟು ಪ್ರಶ್ನೆಗಳಿಂದ ಇನ್ನೊಂದು 16. ಆಂತರಿಕ ಮೌಲ್ಯಮಾಪನದ 20 ಬೇರೆ. 2025-26ರಿಂದ ತೇರ್ಗಡೆಗೆ ಬೇಕಾದ ಒಟ್ಟಾರೆ ಅಂಕ ಶೇ 35ರಿಂದ 33ಕ್ಕೆ ಇಳಿದಿದೆ. ಇಡೀ ಪುಸ್ತಕ ಬರಬೇಕು ಅಂದುಕೊಂಡವನಿಗೆ ಪುಸ್ತಕ ಮುಟ್ಟಲೂ ಭಯ. ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಬಹುಲಕ, ಎರಡು ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಸಮಾಂತರ ಶ್ರೇಢಿಯ ಸೂತ್ರಕ್ಕೆ ಬೆಲೆ ಹಾಕುವುದು — ಇಷ್ಟರಿಂದ ಶುರುವಾಗಲಿ. ಪಾಸಿಂಗ್ ಪ್ಯಾಕೇಜಿನಲ್ಲೂ ಹೆಚ್ಚುಕಡಿಮೆ ಇವೇ ಇರುತ್ತವೆ. ಆ ಹೆಸರು ಕೇಳಿದರೇ ಹುಡುಗರಿಗೆ ಅವಮಾನ, ದಡ್ಡರ ಪಟ್ಟಿಗೆ ಸೇರಿಸಿದರು ಅಂತ. ಅದಕ್ಕೇ ಮುಟ್ಟುತ್ತಿಲ್ಲ. ಮಾಸ್ತರಿಗೆ ಒಮ್ಮೆ ಭೇಟಿಯಾಗಿ, ಎಲ್ಲರ ಮುಂದೆ ಬೇಡ, ಅವನೊಬ್ಬನನ್ನೇ ಕರೆದು ದಿನಕ್ಕೆ ಎರಡೇ ಲೆಕ್ಕ ಕೊಡಿ ಅಂತ ಕೇಳಿಕೊಳ್ಳಿ.

ಮನೆಯಲ್ಲಿ ಅವನು ಆ ಎರಡು ಲೆಕ್ಕ ಮಾಡುವ ಹೊತ್ತಿಗೆ ಟಿವಿ ಬಂದ್ ಇರಲಿ, ನೀವೂ ನಿಮ್ಮ ಮೊಬೈಲ್ ಬದಿಗಿಟ್ಟು ಅದೇ ಕೋಣೆಯಲ್ಲಿ ನಿಮ್ಮ ಲೆಕ್ಕಪತ್ರವೋ ಮತ್ತೇನೋ ಮಾಡಿ. ಮುಗಿದ ಮೇಲೆ ಉತ್ತರ ತಾಳೆ ನೋಡಿ. ಏಳನೇತ್ತ ಕಲಿತವರಿಗೆ ಅಷ್ಟು ಧಾರಾಳ ಬರುತ್ತದೆ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹಳೆಯ ಸಪ್ಲಿಮೆಂಟರಿ ಹೋಯಿತು. ಪರೀಕ್ಷೆ-1ರಲ್ಲಿ ಒಂದು ವಿಷಯ ಹೋದರೆ ಪರೀಕ್ಷೆ-2 ಇದೆ, ವರ್ಷ ವ್ಯರ್ಥವಾಗುವುದಿಲ್ಲ. ಇದನ್ನು ಅವನಿಗೆ ಒಮ್ಮೆ ಹೇಳಿ. ದಿನಾ ಹೇಳಿದರೆ "ಅಪ್ಪಗ ನಾ ಫೇಲ್ ಆಗ್ತೀನಂತ ಖಾತ್ರಿ ಐತಿ" ಅಂದುಕೊಳ್ಳುತ್ತಾನೆ.

ಕೊನೆಯದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊಟ ಬಿಡುವುದು ದಿನಗಟ್ಟಲೆ ನಡೆದರೆ, ಗೆಳೆಯರನ್ನೂ ಬಿಟ್ಟರೆ, ತನಗೆ ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಡತೊಡಗಿದರೆ, "ನಾ ಇಲ್ಲದಿದ್ರ ನಿಮಗ ಆರಾಮ" ಅನ್ನುವಂಥ ಮಾತು ಬಂದರೆ, "ಸಾಯಬೇಕು ಅನಸ್ತೈತೇನು?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ತಲೆಗೆ ಹೊಕ್ಕುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಅವನನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಬೀಗ ಹಾಕಿ, ಇಲ್ಲವೇ ಬೇರೆ ಕಡೆ ಇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ಅವನೂ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗ ಇದೆ.

ಪ್ರತಿಕ್ರಿಯೆ (ಹೈಸ್ಕೂಲು ಶಿಕ್ಷಕ, ಕೊಪ್ಪಳ ಜಿಲ್ಲೆ)

ಮೇಡಂ, ನಿದ್ದೆ ಬಗ್ಗೆ ನೀವು ಹೇಳಿದ್ದು ಪುಸ್ತಕದಲ್ಲಿ ಸರಿ. ನಾವು ಪರೀಕ್ಷೆ ಹತ್ತಿರ ಬಂದಾಗ ಬೆಳಿಗ್ಗೆ ಐದಕ್ಕೆ ಮಕ್ಕಳ ಮನೆಗೆ ಮಿಸ್ಡ್ ಕಾಲ್ ಕೊಟ್ಟು ಎಬ್ಬಿಸುತ್ತೇವೆ. ಒಂದೇ ಕೋಣೆಯ ಮನೆ, ಅದರಲ್ಲೇ ಅಡುಗೆ, ಅದರಲ್ಲೇ ಟಿವಿ, ಆರೇಳು ಜನ. ಆ ಮಗುವಿಗೆ ನಿಶ್ಶಬ್ದ ಸಿಗುವುದೇ ಐದರಿಂದ ಆರೂವರೆವರೆಗೆ. ಆಮೇಲೆ ನೀರು ತರಬೇಕು, ತಮ್ಮ ತಂಗಿಯನ್ನು ನೋಡಿಕೊಳ್ಳಬೇಕು. ಎಂಟು ಗಂಟೆ ನಿದ್ದೆ ಯಾವ ಮನೆಯಲ್ಲಿ ಸಿಗುತ್ತೆ?

ಉತ್ತರ

ಸರ್, ಇದಕ್ಕೆ ನನ್ನ ತಕರಾರಿಲ್ಲ. ಆ ಮಗುವಿಗೆ ಐದು ಗಂಟೆಯೇ ಸರಿ. ನನ್ನ ಬೇಡಿಕೆ ಒಂದೇ, ಮಿಸ್ಡ್ ಕಾಲ್ ಕೊಡುವವರು ರಾತ್ರಿ ಹತ್ತಕ್ಕೆ "ಪುಸ್ತಕ ಮುಚ್ಚು" ಅಂತಲೂ ಒಂದು ಕಾಲ್ ಕೊಡಿ. ರಾತ್ರಿ ಹನ್ನೆರಡರವರೆಗೆ ಓದಿ ಐದಕ್ಕೆ ಏಳುವ ಮಕ್ಕಳೂ ನಿಮ್ಮ ಪಟ್ಟಿಯಲ್ಲಿದ್ದಾರೆ, ಅವರೇ ಹತ್ತೂವರೆ ಗಂಟೆಯ ವಿಶೇಷ ತರಗತಿಯಲ್ಲಿ ತೂಕಡಿಸುವುದು. ಹದಿಹರೆಯದಲ್ಲಿ ದೇಹಕ್ಕೆ ನಿದ್ದೆ ಹತ್ತುವ ಹೊತ್ತೇ ತಡವಾಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಥರ. ಎಲ್ಲರಿಗೂ ಒಂದೇ ಅಲಾರಾಂ ಬೇಡ. ಮನೆಯಲ್ಲಿ ಜಾಗವಿಲ್ಲದ ಮಕ್ಕಳಿಗೆ ಸಂಜೆ ಏಳರವರೆಗೆ ಶಾಲೆಯ ಒಂದು ಕೋಣೆ ತೆರೆದಿಟ್ಟರೆ ನನ್ನ ನೂರು ಸಲಹೆಗಿಂತ ಅದು ದೊಡ್ಡದು. ಹೆಣ್ಣುಮಕ್ಕಳು ಮನೆ ಸೇರುವ ವ್ಯವಸ್ಥೆಯನ್ನು ಪಾಲಕರ ಜೊತೆ ಮಾತಾಡಿಕೊಂಡೇ ಮಾಡಬೇಕು ಅನ್ನುವುದು ನಿಮಗೇ ಗೊತ್ತು.

ಪ್ರಶ್ನೆ (ತಾಯಿ, ಶಿರಸಿ)

ಒಂದೆಲಗದ ತಂಬುಳಿ ದಿನಾ ಮಾಡ್ತಾ ಇದ್ದೆ. ಮೆಡಿಕಲ್ ಶಾಪಿನವರು ಮೆಮೊರಿ ಟಾನಿಕ್ಕೂ ಕೊಡಿ ಹೇಳ್ತಾರೆ. ಕೊಡ್ಲಕ್ಕಾ?

ಉತ್ತರ

ತಂಬುಳಿ ಮಾಡಿ, ಮಾರ್ಚಿನ ಸೆಕೆಗೆ ಊಟ ಸೇರುತ್ತದೆ. ಟಾನಿಕ್ಕಿನ ದುಡ್ಡಿಗೆ ಎರಡು ಒಳ್ಳೆ ಪೆನ್ನು, ಒಂದು ಜಾಮಿಟ್ರಿ ಬಾಕ್ಸು ತನ್ನಿ. ಪರೀಕ್ಷೆ ದಿನ ಬೆಳಿಗ್ಗೆ ಹೊಸ ತಿಂಡಿ ಯಾವುದೂ ಬೇಡ, ದಿನಾ ತಿನ್ನುವ ದೋಸೆಯೋ ಅವಲಕ್ಕಿಯೋ ಸಾಕು.

ಪ್ರಶ್ನೆ (ಅಮ್ಮನ ಫೋನಿಂದ ಬರೀತಿದೀನಿ, ಮೈಸೂರು)

ಮ್ಯಾಮ್, ನಾನು ಟೆಂತ್. ಓದಿರ್ತೀನಿ, ಫ್ರೆಂಡ್ಸ್‌ಗೆಲ್ಲ ಹೇಳಿಕೊಡ್ತೀನಿ. ಕ್ವೆಶ್ಚನ್ ಪೇಪರ್ ಕೈಗೆ ಬಂದ ತಕ್ಷಣ ತಲೆ ಖಾಲಿ. ಕೈ ಬೆವರುತ್ತೆ, ಅಕ್ಷರ ಮಂಜಾಗುತ್ತೆ. ಈಗ ರೂಮಲ್ಲಿ ಕ್ಯಾಮೆರಾ ಬೇರೆ ಇರುತ್ತಂತೆ. ಅದನ್ನ ನೆನೆಸ್ಕೊಂಡ್ರೇ ಹೊಟ್ಟೆ ಕಿವುಚುತ್ತೆ.

ಉತ್ತರ

ಪುಟ್ಟಾ, ಫ್ರೆಂಡ್ಸ್‌ಗೆ ಹೇಳಿಕೊಡಲು ಬರುತ್ತೆ ಅಂದಮೇಲೆ ಓದಿದ್ದು ನಿನ್ನ ತಲೆಯಲ್ಲೇ ಇದೆ, ಎಲ್ಲೂ ಹೋಗಿಲ್ಲ. ಗಾಬರಿಯಾದಾಗ ದೇಹ ಓಡಲು ತಯಾರಾಗುತ್ತದೆ: ಎದೆ ಬಡಿತ ಏರುತ್ತದೆ, ಬೆವರು ಬರುತ್ತದೆ. ಆ ಗಲಾಟೆಯಲ್ಲಿ ನೆನಪನ್ನು ಹೊರಗೆ ತೆಗೆಯುವುದು ಸ್ವಲ್ಪ ಹೊತ್ತು ಕಷ್ಟ. ಆ ಸ್ವಲ್ಪ ಹೊತ್ತನ್ನು ದಾಟಿಸಿಕೊಂಡರೆ ಸಾಕು.

ಅದಕ್ಕೆ ಪರೀಕ್ಷಾ ಮಂಡಳಿಯೇ ನಿನಗೆ ಸಮಯ ಕೊಟ್ಟಿದೆ. ಮೊದಲ 15 ನಿಮಿಷ ಇರುವುದು ಪ್ರಶ್ನೆಪತ್ರಿಕೆ ಓದಿಕೊಳ್ಳಲಿಕ್ಕೆ. ಪೇಪರ್ ಕೈಗೆ ಬಂದ ತಕ್ಷಣ ಮಗುಚಿ ಇಡು. ಪಾದ ಎರಡೂ ನೆಲಕ್ಕೆ ಊರು. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದಾರು ಸಲ. ಹೊರಗೆ ಬಿಡುವ ಉಸಿರು ಉದ್ದ ಇರಬೇಕು, ಎದೆ ಬಡಿತ ಇಳಿಯುವುದು ಅದರಿಂದ. ಆಮೇಲೆ ಪೇಪರ್ ತಿರುಗಿಸಿ, ಮೊದಲಿಂದ ಓದುವ ಬದಲು ನಿನಗೆ ಖಂಡಿತ ಬರುವ ಎರಡು ಪ್ರಶ್ನೆ ಹುಡುಕು. ಕನ್ನಡದಲ್ಲಾದರೆ ಕಂಠಪಾಠದ ಪದ್ಯ, ಸಮಾಜದಲ್ಲಾದರೆ ಭಾರತದ ನಕ್ಷೆ. ಬರೆಯಲು ಬೆಲ್ ಆದಾಗ ಅಲ್ಲಿಂದಲೇ ಶುರು ಮಾಡು, ಪ್ರಶ್ನೆ ಸಂಖ್ಯೆ ಮಾತ್ರ ಸರಿಯಾಗಿ ಹಾಕು. ಕೈ ಓಡತೊಡಗಿದ ಮೇಲೆ ಉಳಿದದ್ದು ತಾನಾಗಿ ಬರುತ್ತದೆ.

ಇದನ್ನು ಪರೀಕ್ಷೆ ದಿನ ಮೊದಲ ಸಲ ಮಾಡಿದರೆ ಕೆಲಸ ಮಾಡುವುದಿಲ್ಲ. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಪರೀಕ್ಷೆಯ ಹೊತ್ತಿಗೇ, ಒಂದು ಹಳೆಯ ಪತ್ರಿಕೆ ತೆಗೆದುಕೊಂಡು ಗಡಿಯಾರ ಇಟ್ಟು ಪೂರ್ತಿ ಬರೆ. ಮಧ್ಯೆ ನೀರಿಗೂ ಏಳಬೇಡ. ಕ್ಯಾಮೆರಾ ಭಯಕ್ಕೂ ಮದ್ದು ಇದರಲ್ಲೇ ಇದೆ: ಅಮ್ಮನ ಫೋನನ್ನು ಎದುರಿನ ಕಪಾಟಿನ ಮೇಲಿಟ್ಟು ವಿಡಿಯೊ ಆನ್ ಮಾಡಿಕೊಂಡು ಬರೆ. ಅರ್ಧ ಗಂಟೆಯಲ್ಲಿ ಅದು ಅಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. 2024ರಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಬೇರೆ ಕಡೆ ಕೂತು ನೋಡುವ ವ್ಯವಸ್ಥೆ, ತಂದದ್ದು ನಕಲು ತಡೆಯಲಿಕ್ಕೆ. ಅಲ್ಲಿ ಕೂತು ನೋಡುವವರಿಗೆ ನಿನ್ನ ಉತ್ತರವಾಗಲೀ ನೀನು ಪೆನ್ನು ಕಚ್ಚಿಕೊಂಡು ಯೋಚಿಸುವುದಾಗಲೀ ಬೇಕಿಲ್ಲ.

ಇನ್ನೊಂದು ಉಪಾಯ, ಭಯ ಜಾಸ್ತಿ ಇರುವವರಿಗೇ ಇದು ಹೆಚ್ಚು ಉಪಯೋಗ ಅಂತ 2011ರಲ್ಲಿ ಷಿಕಾಗೋದ ಇಬ್ಬರು ಸಂಶೋಧಕರು ತೋರಿಸಿದ್ದಾರೆ. ಪರೀಕ್ಷೆ ದಿನ ಮನೆಯಿಂದ ಹೊರಡುವ ಮುಂಚೆ ಹತ್ತು ನಿಮಿಷ ಒಂದು ಹಾಳೆಯಲ್ಲಿ ನಿನ್ನ ಭಯವನ್ನೆಲ್ಲ ಬರೆ. "ಫೇಲಾದ್ರೆ ಅಪ್ಪ ಏನಂತಾರೆ" ಅನ್ನುವುದೂ ಸೇರಲಿ. ಯಾರೂ ಓದುವುದಿಲ್ಲ. ಹಾಳೆ ಮನೆಯಲ್ಲೇ ಹರಿದು ಬಿಸಾಕು, ಬ್ಯಾಗಿನಲ್ಲಿ ತರಬೇಡ. ಪ್ರವೇಶ ಪತ್ರದ ಮೇಲಂತೂ ಒಂದಕ್ಷರವೂ ಬರೆಯಬೇಡ, ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತೀಯ.

ಈ ಮೆಸೇಜನ್ನು ಅಮ್ಮನಿಗೂ ತೋರಿಸು. ಬೇರೆ ದಿನಗಳಲ್ಲೂ, ಪರೀಕ್ಷೆ ಇಲ್ಲದಾಗಲೂ ಹೀಗೆ ಎದೆ ಹೊಡೆದುಕೊಂಡು ಉಸಿರು ಸಿಕ್ಕಿದಂತಾಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ಪ್ರಶ್ನೆ (ಹೆಸರು ಬೇಡ)

ಮಗಳ ತಿಂಗಳ ದಿನ ಸರಿಯಾಗಿ ಗಣಿತ ಪರೀಕ್ಷೆಗೇ ಬರುತ್ತೆ. ಮುಂದೂಡುವ ಮಾತ್ರೆ ಕೊಡಬಹುದಾ? ಅಕ್ಕಪಕ್ಕದವರು ಕೊಟ್ಟಿದ್ದಾರಂತೆ.

ಉತ್ತರ

ಅಕ್ಕಪಕ್ಕದವರ ಮಾತ್ರೆ ಬೇಡ. ಅದು ಹಾರ್ಮೋನಿನ ಮಾತ್ರೆ, ಕೆಲವರಿಗೆ ವಾಕರಿಕೆ, ತಲೆನೋವು ತರುತ್ತದೆ, ಕೆಲವರಿಗೆ ಕೊಡಲೇಬಾರದು. ಪ್ರತಿ ತಿಂಗಳೂ ಏಳಲಾರದಷ್ಟು ನೋವಿದ್ದರೆ ಈಗಲೇ ಸ್ತ್ರೀರೋಗ ತಜ್ಞರಿಗೆ ತೋರಿಸಿ, ನೋವಿಗೇ ಔಷಧ ಕೇಳಿ, ಅದನ್ನು ಪರೀಕ್ಷೆಗೆ ಮುಂಚಿನ ತಿಂಗಳಲ್ಲೇ ಒಮ್ಮೆ ತೆಗೆದುಕೊಂಡು ನೋಡಲಿ. ಸಾಧಾರಣ ನೋವಾದರೆ ಮುಂಚಿನ ರಾತ್ರಿ ಬಿಸಿನೀರಿನ ಚೀಲ, ಬ್ಯಾಗಿನಲ್ಲಿ ಪ್ಯಾಡು. ಆ ದಿನ ಕೊಠಡಿಯಲ್ಲಿ ಶೌಚಾಲಯಕ್ಕೆ ಹೋಗಬೇಕೆನಿಸಿದರೆ ಕೇಳಲು ಸಂಕೋಚ ಬೇಡ ಅಂತ ಮೊದಲೇ ಹೇಳಿಡಿ. ಎಷ್ಟೋ ಹುಡುಗಿಯರು ಕೇಳಲು ನಾಚಿ ಮೂರು ಗಂಟೆ ಬಿಗಿಹಿಡಿದು ಕೂತಿರುತ್ತಾರೆ.

ಪ್ರಶ್ನೆ (ತಂದೆ, ಬೆಂಗಳೂರು)

ಒಂದೊಂದು ಪೇಪರ್ ಮುಗಿಸಿ ಬಂದ ಮೇಲೆ ಮಗನ ಜೊತೆ ಕೂತು ಕೀ ಉತ್ತರ ತಾಳೆ ಹಾಕಬೇಕು ಅಂತ ನನ್ನ ಪ್ಲಾನು. ಎಲ್ಲಿ ತಪ್ಪಿದೆ ಅಂತ ಅವತ್ತೇ ಗೊತ್ತಾದರೆ ಒಳ್ಳೆಯದಲ್ವಾ?

ಉತ್ತರ

ಗೊತ್ತಾಗಿ ಏನು ಮಾಡುತ್ತೀರಿ ಸರ್? ಪೇಪರ್ ಕಟ್ಟು ಕಟ್ಟಿ ಹೋಗಿಯಾಯಿತು. ಅವನಿಗೆ ಮುಂದಿನ ವಿಷಯಕ್ಕೆ ಇರುವುದು ಒಂದೆರಡು ದಿನದ ಬಿಡುವು, ಅದರಲ್ಲಿ ಅರ್ಧ ದಿನ ಹೋದ ಎರಡು ಅಂಕದ ದುಃಖಕ್ಕೆ ಹೋಗುತ್ತದೆ. ಗೇಟಿನ ಹೊರಗೆ ಗುಂಪಾಗಿ ನಿಂತು ಉತ್ತರ ಹೋಲಿಸುವ ಮಕ್ಕಳಿಂದಲೂ ಅವನನ್ನು ಬೇಗ ಕರೆತನ್ನಿ. "ಹೇಗಿತ್ತು?" ಅಂತ ಒಮ್ಮೆ ಕೇಳಿ, ಅವನು ಹೇಳಿದಷ್ಟು ಕೇಳಿ, ಊಟ ಹಾಕಿ, ಒಂದು ಗಂಟೆ ಮಲಗಲು ಬಿಡಿ.

ತಾಳೆ ಹಾಕುವ ಆಸೆ ಇದ್ದರೆ ಕೊನೆಯ ಪೇಪರ್ ಮುಗಿಯಲಿ. ಫಲಿತಾಂಶ ಬಂದ ಮೇಲೆ ಅಂಕ ನಿಜಕ್ಕೂ ಕಡಿಮೆ ಅನ್ನಿಸಿದರೆ ಮಂಡಳಿಗೆ ಅರ್ಜಿ ಹಾಕಿ ಉತ್ತರಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು, ನೋಡಿಕೊಂಡು ಮರುಮೌಲ್ಯಮಾಪನಕ್ಕೂ ಹಾಕಬಹುದು. ಪಾಸಾದವನೂ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತದೆ. ಈ ಅರ್ಜಿಗಳಿಗೆ ಕೊಡುವ ಗಡುವು ಕಡಿಮೆ ದಿನದ್ದು, ಹಾಗಾಗಿ ಫಲಿತಾಂಶದ ದಿನವೇ ಶಾಲೆಯಲ್ಲಿ ಕೇಳಿ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ.